ನೂರಾ ಅರವತ್ತು ಹುಟ್ಟಿನ ದಾರಿ

ಹೋದ ತಿಂಗಳು ಸರಸಂಬಾದ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಗಂಡ ಹೊಲಕ್ಕೆ ಕೆರೆಯ ಹೂಳು ಹೊಡೆಸುತ್ತಿದ್ದರು. ಟ್ರ್ಯಾಲಿ ಹಿಂದಕ್ಕೆ ಬಾಗಿತು, ಕಪ್ಪು ಮಣ್ಣು ಧೊಪ್ಪನೆ ಬಿತ್ತು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮನಸ್ಸಿನಲ್ಲೇ ಎಣಿಸತೊಡಗಿದ್ದೆ. ಒಂದು, ಎರಡು, ಮೂರು. ಅಕ್ಕನ ಗಂಡ ಏನೋ ಕೇಳಿದಾಗ ನಲವತ್ತರ ಹತ್ತಿರ ಇದ್ದೆ. “ಏನ್ ಇರ್ಫಾನ್, ನಿಂತಲ್ಲೇ ನಿದ್ದಿ ಹತ್ತೇದೇನು?” ಎಂದರು. ಇಲ್ಲ ಎಂದೆ, ಅಷ್ಟೇ.

ಇದು ನನ್ನ ಹಳೆಯ ರೋಗ. ಭೀಮೆಯ ಹಿನ್ನೀರಿನ ಮೇಲೆ ಕಳೆದ ಒಂದು ಹಿಂಗಾರಿನಲ್ಲಿ ಹತ್ತಿಕೊಂಡದ್ದು. ಆ ಹಿಂಗಾರಿನ ಕತೆಯನ್ನು ಮನೆಯಲ್ಲೂ ಪೂರ್ತಿ ಹೇಳಿಲ್ಲ. ಕೇಳಿದವರು ನಕ್ಕಾರು ಎಂಬ ಚಿಂತೆ ನನಗಿಲ್ಲ. ನಗದೇ ಇದ್ದರೆ ಏನು ಮಾಡಲಿ ಎಂಬ ಹೆದರಿಕೆ.

ಆಗ ನಾನು ಡಿಪ್ಲೊಮಾ ಮುಗಿಸಿ ಗುತ್ತಿಗೆಯ ಮೇಲೆ ಸರ್ವೇ ಕೆಲಸಕ್ಕೆ ಸೇರಿದ್ದೆ. ನನ್ನನ್ನು ಕಳಿಸಿದ್ದು ಅಫಜಲಪುರ ತಾಲ್ಲೂಕಿನ ಒಂದು ಹೊಳೆದಂಡೆಯ ಊರಿಗೆ. ಎದುರಿನ ದಂಡೆ ಜೇವರ್ಗಿ ತಾಲ್ಲೂಕು. ಅದಕ್ಕೂ ಇಪ್ಪತ್ತು ವರ್ಷ ಹಿಂದೆ ಕೆಳಗಡೆ ಬ್ಯಾರೇಜು ಕಟ್ಟಿದಾಗ ಹಳೆಯ ಊರು ನೀರಿನಡಿ ಹೋಗಿತ್ತು. ಜನ ಮೇಲಿನ ದಿಬ್ಬಕ್ಕೆ ಬಂದು ಮನೆ ಕಟ್ಟಿಕೊಂಡಿದ್ದರು. ಆ ಹೊಸ ಊರಿಗೆ ಸರ್ಕಾರ ಚಂದದ ಹೆಸರೊಂದನ್ನು ಇಟ್ಟಿದೆ, ಆದರೆ ಯಾರ ಬಾಯಲ್ಲೂ ಅದು ಬರುವುದಿಲ್ಲ. ಇದಕ್ಕೆ ಪ್ಲಾಟು ಎನ್ನುತ್ತಾರೆ, ಊರು ಎಂದರೆ ನೀರಿನ ಕಡೆ ಕೈ ತೋರಿಸುತ್ತಾರೆ.

ಕೆಲಸ ಹೇಳಿಕೊಳ್ಳುವಂಥದ್ದೇನಲ್ಲ. ಹಿನ್ನೀರಿನಲ್ಲಿ ಹೂಳು ತುಂಬಿತ್ತು. ಬೇಸಿಗೆಯಲ್ಲಿ ಗೇಟು ತೆರೆದು ನೀರು ಇಳಿಸಿ, ಯಂತ್ರ ಹಚ್ಚಿ ಹೂಳು ಅಗೆದು ರೈತರ ಹೊಲಗಳಿಗೆ ಹಾಕುವುದು ಎಂದು ತೀರ್ಮಾನವಾಗಿತ್ತು. ಎಲ್ಲಿ ಎಷ್ಟು ಹೂಳಿದೆ ಎಂದು ಅದಕ್ಕೆ ಮೊದಲು ಅಳೆಯಬೇಕು. ನೀರಿನ ಮೇಲೆ ನೇರ ಗೆರೆ ಹಿಡಿದು ಹೋಗುವುದು, ಇಪ್ಪತ್ತೈದು ಮೀಟರಿಗೊಮ್ಮೆ ನಿಂತು ಬಿದಿರ ಗಳ ಇಳಿಸುವುದು. ಗಳ ಮೊದಲು ಮೆತ್ತಗೆ ತಾಗಿದ ಆಳ ಒಂದು, ಒತ್ತಿದಾಗ ಗಟ್ಟಿ ತಳ ಸಿಕ್ಕ ಆಳ ಇನ್ನೊಂದು, ನಡುವಿನದ್ದು ಹೂಳು. ಜಾಗ ಗುರುತಿಸಲು ಕೈಯಲ್ಲೊಂದು ಜಿಪಿಎಸ್ ಯಂತ್ರ, ಬಗಲಲ್ಲಿ ಹಳೆಯ ಮುಳುಗಡೆ ನಕ್ಷೆ. ಪರಿಹಾರಕ್ಕೆಂದು ಆ ಕಾಲದಲ್ಲಿ ತಯಾರಿಸಿದ ನಕ್ಷೆ ಅದು. ಪ್ರತಿ ಮನೆ, ಪ್ರತಿ ಬಾವಿ, ಪ್ರತಿ ಬೇವಿನ ಮರ ಅದರಲ್ಲಿ ಗುರುತಾಗಿದ್ದವು. ದಸರೆ ಮುಗಿದ ಮೇಲೆ ಹೋದವನು ಎಳ್ಳಮಾಸಿಯವರೆಗೆ, ಅಂದರೆ ಎಳ್ಳ ಅಮಾವಾಸ್ಯೆಯವರೆಗೆ, ಅಲ್ಲಿದ್ದೆ.

ಆಳಂದದಿಂದ ಅಮ್ಮಿ ದಿನಾ ಫೋನು ಮಾಡುತ್ತಿದ್ದಳು. “ಪಾನಿ ಕೆ ನಜೀಕ್ ನಕ್ಕೋ ಜಾ ರೇ ಬಾವಾ.” ನೀರಿನ ಹತ್ತಿರ ಹೋಗಬೇಡ ಮಗನೇ ಎಂದು ಹೇಳುವವಳಿಗೆ, ದಿನಪೂರ್ತಿ ನೀರಿನ ಮೇಲೆಯೇ ಕೂತಿರುತ್ತೇನೆ ಎಂದು ಹೇಗೆ ಹೇಳಲಿ? ಹ್ಞೂಂ ಎನ್ನುತ್ತಿದ್ದೆ.

ಹರಿಗೋಲು ಸಾಯಬಣ್ಣನದು. ಅಂಬಿಗರ ಪೈಕಿಯ ಮುದುಕ, ಅರವತ್ತೈದು ದಾಟಿತ್ತು. ಕಪ್ಪಗೆ ಒಣಗಿದ ಮೈ, ಮಾತು ಕಡಿಮೆ. ಬಿದಿರ ಬುಟ್ಟಿಗೆ ತಾಡಪತ್ರಿ ಹೊದಿಸಿ ಡಾಂಬರು ಬಳಿದ ದುಂಡು ಹರಿಗೋಲು, ಅಗಲ ಎಲೆಯ ಒಂದು ಹುಟ್ಟು. ಮೊದಲ ದಿನ ಮುಂಜಾನೆ ಮಂಜಿನಲ್ಲಿ ಹೊರಟೆವು. ನೀರು ಅಲ್ಲಾಡುತ್ತಿರಲಿಲ್ಲ. ಹನುಮಪ್ಪನ ಗುಡಿಯ ಶಿಖರ ಮಾತ್ರ ನೀರಿನ ಮೇಲೆ ಮೊಳದುದ್ದ ಉಳಿದಿತ್ತು, ಅದರ ಮೇಲೊಂದು ನೀರುಕಾಗೆ ರೆಕ್ಕೆ ಬಿಚ್ಚಿ ಕೂತಿತ್ತು. ಅಲ್ಲಿಂದ ನನ್ನ ಮೊದಲ ಗೆರೆ ಶುರು.

“ಇಲ್ಲಿಂದ ಸೀದಾ ಹೋಗ್ರಿ,” ಎಂದೆ.

ಸಾಯಬಣ್ಣ ಎಡಕ್ಕೆ ತಿರುಗಿಸಿದ.

“ಸೀದಾ ಅಂದೆ.”

“ಸೀದಾ ಹೆಂಗ ಹೋಗಾಕ ಬರ್ತದ್ರಿ ಸಾಹೇಬ್ರ? ಅದು ಗೌಡ್ರ ಮನಿ.”

ನಾನು ನೋಡಿದೆ. ನೀರು. ಮಂಜು. ಮತ್ತೆ ನೀರು. ಮುದುಕ ಎಡಕ್ಕೆ ಹತ್ತು ಹುಟ್ಟು ಹಾಕಿ, ಬಲಕ್ಕೆ ಹೊರಳಿ, ಯಾವುದೋ ಮೂಲೆ ಸುತ್ತಿಕೊಂಡವನಂತೆ ಇನ್ನೊಮ್ಮೆ ಹೊರಳಿ, ಗೆರೆಯ ಆಚೆಗೆ ಬಂದು ನಿಂತ. ನನಗೆ ಪಿತ್ತ ನೆತ್ತಿಗೇರಿತು. ಅರ್ಧ ತಾಸು ವಾದ ಮಾಡಿದೆ. ಅವನು ಎಲ್ಲ ಕೇಳಿಸಿಕೊಂಡು ಹೇಳಿದ್ದು ಇಷ್ಟೇ: “ಮಂದಿ ಮನಿ ಮಾಳಿಗಿ ಮ್ಯಾಲ ಹಾಯ್ದು ಹೋಗಬಾರದ್ರಿ. ಒಲಿ ಇರ್ತದ, ದೇವರ ಜಗಲಿ ಇರ್ತದ. ಓಣಿ ಅದಲ್ಲ, ಓಣಿಗುಂಟ ಹೋಗೂನು.”

ಅವನೊಬ್ಬನ ಹಟ ಎಂದುಕೊಂಡಿದ್ದೆ. ಪ್ಲಾಟಿನ ಮೀನುಗಾರರೆಲ್ಲ ಹಾಗೆಯೇ ಎಂದು ಎರಡೇ ದಿನದಲ್ಲಿ ತಿಳಿಯಿತು. ಬಟ್ಟಬಯಲು ನೀರಿನಲ್ಲಿ ಹರಿಗೋಲುಗಳು ಮೂಲೆಗಳಲ್ಲಿ ಹೊರಳುತ್ತಿದ್ದವು, ಇಕ್ಕಟ್ಟಿನ ಕಡೆ ಒಂದಕ್ಕೊಂದು ದಾರಿ ಬಿಡುತ್ತಿದ್ದವು. ಗುಡಿಯ ಮುಂದೆ, ಮಸೀದಿಯ ಮುಂದೆ ದನಿ ತಗ್ಗುತ್ತಿತ್ತು. ಒಂದು ಕಡೆ ಸಾಯಬಣ್ಣ ಮುಖ ಆಚೆ ತಿರುಗಿಸಿ ಬಿರಬಿರನೆ ಹುಟ್ಟು ಹಾಕುತ್ತಿದ್ದ. ಯಾಕೆಂದು ಕೇಳಿದರೆ, ಅದು ಈರಪ್ಪನ ಮನೆ, ಹಿತ್ತಲ ಗೋಡೆಯ ಜಗಳದಲ್ಲಿ ಮಾತು ಬಿಟ್ಟದ್ದು ಎಂದ. ಅದೇ ಈರಪ್ಪ ಪ್ಲಾಟಿನಲ್ಲಿ ಇವನ ಪಕ್ಕದ ಮನೆಯವನು. ಇಬ್ಬರೂ ದಿನಾ ಸಂಜೆ ಒಟ್ಟಿಗೆ ಚಹಾ ಕುಡಿಯುವುದನ್ನು ನಾನೇ ಕಂಡಿದ್ದೆ. ಜಗಳ ನೀರಿನ ಕೆಳಗೆ ಮಾತ್ರ ಉಳಿದಿತ್ತು. ಹೀಗಾಗಿ ನನ್ನ ನೇರ ಗೆರೆಗಳು ಕಾಗದದ ಮೇಲೆ ಮಾತ್ರ ನೇರವಾಗಿದ್ದವು. ಮನೆಗಳ ನಡುವಿನ ಆಳವನ್ನು ಓಣಿಯಲ್ಲಿ ನಿಂತು ಗಳ ಚಾಚಿ ಅಳೆದೆ, ಚಾಚಲು ಆಗದ ಕಡೆ ಅಂದಾಜು ಬರೆದೆ.

ಸುಮ್ಮನೆ ಕೂತು ಬೇಸರವಾಗಿ ಹುಟ್ಟು ಕಲಿಸು ಎಂದೆ. ನಾನು ಆಗ ಎಲ್ಲರ ಮೇಲೂ ಹರಿಹಾಯುವ ಮನುಷ್ಯ. ಬಸ್ಸು ತಡವಾದರೆ ಕಂಡಕ್ಟರನ ಮೇಲೆ, ಊಟ ತಣ್ಣಗಾದರೆ ಖಾನಾವಳಿಯವನ ಮೇಲೆ. ಹುಟ್ಟನ್ನೂ ಹಾಗೆಯೇ ಹಿಡಿದೆ. ಹರಿಗೋಲು ನಿಂತಲ್ಲೇ ಗಿರಗಿರ ತಿರುಗಿತು. ಸಾಯಬಣ್ಣ ಮೊದಲ ಸಲ ನಕ್ಕ.

“ನೀರ ನೂಕಬ್ಯಾಡ್ರಿ. ನೂಕಿದ್ರ ಅದೂ ನೂಕತದ. ಮುಂದ ಚಾಚಿ ನಿಮ್ಮ ಕಡಿ ಕರಕೋರಿ. ಎಡಕೊಮ್ಮೆ, ಬಲಕೊಮ್ಮೆ. ಹುಟ್ಟ ನೋಡಬ್ಯಾಡ್ರಿ, ಹೋಗೂ ಜಾಗ ನೋಡ್ರಿ. ನಿಲ್ಲಬೇಕಂದ್ರ ನಾಕು ಹುಟ್ಟು ಮೊದಲ ಕೈ ಬಿಡ್ರಿ. ಉಳಿದದ್ದು ನೀರ ಮಾಡ್ತದ.”

ಇದರಲ್ಲಿ ಹುಟ್ಟಿನ ಮಾತು ಎಷ್ಟು, ಬದುಕಿನ ಮಾತು ಎಷ್ಟು ಎಂದು ಮುದುಕನೇನೂ ಯೋಚಿಸಿದವನಲ್ಲ. ಆದರೆ ಇವತ್ತಿಗೂ ಯಾರ ಮೇಲಾದರೂ ಕೂಗಲು ಬಾಯಿ ತೆರೆದಾಗ ಆ ಮಾತು ಅಡ್ಡ ಬರುತ್ತದೆ. ಜಗಳದಲ್ಲಿ ನಾಕು ಮಾತು ಮೊದಲೇ ಕೈ ಬಿಟ್ಟು ನೋಡಿದ್ದೇನೆ, ಉಳಿದದ್ದು ತಾನಾಗಿ ನಿಲ್ಲುತ್ತದೆ. ನನ್ನ ಹೆಂಡತಿ ನನ್ನನ್ನು ಶಾಂತ ಸ್ವಭಾವದವನು ಎಂದುಕೊಂಡಿದ್ದಾಳೆ. ಅವಳು ಸಾಯಬಣ್ಣನನ್ನು ನೋಡಿಲ್ಲ.

ತಿಂಗಳಲ್ಲಿ ಕೈ ಕುದುರಿತು. ಅಳೆಯುವುದೇ ಕಸುಬಾದವನಿಗೆ ತನ್ನ ಕೈಯನ್ನೂ ಅಳೆಯುವ ಚಟ. ಜಿಪಿಎಸ್ ಹಿಡಿದು ಮತ್ತೆ ಮತ್ತೆ ನೋಡಿದೆ. ನನ್ನ ನೂರು ಹುಟ್ಟಿಗೆ ಹರಿಗೋಲು ನೂರೈವತ್ತು ಮೀಟರ್ ಹೋಗುತ್ತಿತ್ತು. ಸಾಯಬಣ್ಣನ ನೂರು ಹುಟ್ಟಿಗೆ ನೂರೇ ಮೀಟರ್. ಮುದುಕನನ್ನು ಹಿಂದೆ ಹಾಕಿದೆನೆಂದು ಹೆಮ್ಮೆಪಟ್ಟೆ.

ಒಂದು ಮುಂಜಾನೆ ಅವನು ಬರುವುದು ತಡವಾಯಿತು. ದಟ್ಟ ಮಂಜು. ಯಾರೂ ನೋಡುತ್ತಿಲ್ಲ ಎಂಬ ಧೈರ್ಯದಲ್ಲಿ ಒಬ್ಬನೇ ಹೊರಟು, ಶಿಖರದಿಂದ ಸೀದಾ ಗೌಡರ ಮನೆಯ ಮೇಲೆ ಹಾಯಿಸಿದೆ. ನಡುವೆ ಎಲ್ಲೋ ಹರಿಗೋಲು ನಿಂತಿತು. ಕರೆದರೂ ನೀರು ಬರಲಿಲ್ಲ. ಗಾಳಿಯ ಸುಳಿವೇ ಇಲ್ಲ, ಆದರೂ ಹರಿಗೋಲು ಮೆಲ್ಲಗೆ ತಿರುಗತೊಡಗಿತು. ಆಗ ಸ್ವಲ್ಪ ದೂರದಲ್ಲಿ ನೀರಿನೊಳಗಿಂದ ಗುಳುಕ್ಕೆಂದು ಗುಳ್ಳೆ ಎದ್ದಿತು. ಅದರ ಮುಂದೆ ಗೇಣು ದೂರದಲ್ಲಿ ಇನ್ನೊಂದು. ಮತ್ತೊಂದು. ಒಂದೇ ಅಳತೆಯ ಅಂತರದಲ್ಲಿ, ಓಣಿಗುಂಟ, ಅವಸರವಿಲ್ಲದೆ ಬಂದು ನನ್ನನ್ನು ದಾಟಿ ಹೋದವು. ಹೂಳಿನಲ್ಲಿ ಕೊಳೆತ ಕಸದಿಂದ ಗಾಳಿ ಏಳುತ್ತದೆ, ಓದಿದವನಿಗೆ ಅಷ್ಟು ಗೊತ್ತು. ಅದು ಓಣಿ ಹಿಡಿದು ಯಾಕೆ ಹೋಗುತ್ತದೆ ಎಂಬುದು ಮಾತ್ರ ನಾನು ಓದಿದ ಪುಸ್ತಕದಲ್ಲಿ ಇರಲಿಲ್ಲ. ಅವು ಹೋದ ಮೇಲೆ ದಂಡೆಯ ಕಡೆ ಹುಟ್ಟು ಹಾಕಿದೆ. ದಂಡೆಗೆ ಬಂದಾಗ ಸಾಯಬಣ್ಣ ಕಾಯುತ್ತ ನಿಂತಿದ್ದ.

ಅವತ್ತು ಮಧ್ಯಾಹ್ನ, ಬುತ್ತಿ ಬಿಚ್ಚಿದಾಗ, ಅವನು ಭಾಗಿಯ ಸುದ್ದಿ ಹೇಳಿದ.

ಭಾಗಮ್ಮ ಅವನ ಒಬ್ಬಳೇ ಮಗಳು. ಊರು ಮುಳುಗುವ ನಾಲ್ಕು ವರ್ಷ ಮೊದಲು, ಆರನೆಯ ವಯಸ್ಸಿನಲ್ಲಿ ಜ್ವರದಿಂದ ತೀರಿಕೊಂಡಳು. ಸಣ್ಣ ಮಕ್ಕಳನ್ನು ಅವರು ದೊಡ್ಡವರ ಜೊತೆ ಹೂಳುವುದಿಲ್ಲ. ಅವರ ಓಣಿಯ ಕೊನೆಗೆ, ಊರ ಹೊರಗಿದ್ದ ಬೇವಿನ ಮರದ ಬುಡದಲ್ಲಿ ಇಟ್ಟಿದ್ದರು. ನೀರು ಬಂದ ಮೊದಲ ವರ್ಷ ಬೇವಿನ ತಲೆ ಇನ್ನೂ ಕಾಣುತ್ತಿತ್ತು. ಎಳ್ಳಮಾಸಿಯ ದಿನ ಸಾಯಬಣ್ಣ ಗುಡಿಯ ಶಿಖರದಿಂದ ಓಣಿಗುಂಟ ಎಣಿಸಿಕೊಂಡು ಹೋದ. ಬೇವಿನವರೆಗೆ ನೂರಾ ಅರವತ್ತು ಹುಟ್ಟು. ಎರಡು ವರ್ಷದಲ್ಲಿ ಬೇವು ಕೊಳೆತು ಬಿದ್ದುಹೋಯಿತು, ಎಣಿಕೆ ಉಳಿಯಿತು. ಅಂದಿನಿಂದ ವರ್ಷಕ್ಕೊಮ್ಮೆ ಎಳ್ಳಮಾಸಿಯಂದು, ಉಳಿದವರು ಹೊಲಗಳಲ್ಲಿ ಭೂಮಿಗೆ ಎಡೆಯಾಗಿ ಚರಗ ಚೆಲ್ಲುವ ಹೊತ್ತಿಗೆ, ಅವನು ನೂರಾ ಅರವತ್ತು ಹುಟ್ಟು ಹಾಕಿ ನಿಂತು ನೀರಿಗೆ ಚರಗ ಚೆಲ್ಲುತ್ತಾನೆ. ಆಮೇಲೆ ಗಳ ಇಳಿಸಿ ತಳ ಮುಟ್ಟಿ ಮಾತಾಡಿಸುತ್ತಾನೆ.

“ಮೊದಮೊದಲು ಗಳ ಮೆತ್ತಗ ಇಳೀತಿತ್ರಿ, ಅಗದ ಮಣ್ಣು ಅಲ್ಲೇನ್ರಿ. ಆಮ್ಯಾಲ ಒಂದೆರಡು ವರ್ಷ ಬ್ಯಾರೆ ಹತ್ತಿತು. ಗರಸು. ದಾರಿಗೆ ಹಾಕೂ ಸಣ್ಣ ಕಲ್ಲಿನ ಗರಸು ಅದು, ನನಗ ಗುರ್ತಿಲ್ಲೇನ್ರಿ? ಹ್ವಾದ ವರ್ಷ ನಮ್ಮ ಮನಿ ಗ್ವಾಡಿಗೆ ತಾಗಿತು.” ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. “ಎಣಿಕಿ ಅಷ್ಟ ಅದ. ನಾ ಒಂದು ಹುಟ್ಟು ಹೆಚ್ಚುಕಮ್ಮಿ ಮಾಡಿಲ್ಲ. ಆಕಿ ಬರಾಕತ್ತಾಳ ಸಾಹೇಬ್ರ. ವರ್ಷಕ್ಕ ಇಷ್ಟಿಷ್ಟ, ಮನಿಗೆ ಬರಾಕತ್ತಾಳ.”

ನೀರಿನ ಮೇಲೆ ಬಿಸಿಲು ಬಿದ್ದಿತ್ತು.

“ನೀವು ಗುರ್ತು ಹಾಕಿದ ಕಡಿ ಯಂತ್ರ ಅಗೀತದ ಅಂತ ಕೇಳೇನಿ,” ಎಂದ. “ನನ್ನ ಮಗಳ ಮ್ಯಾಲ ಯಂತ್ರ ಬರಬಾರದ್ರಿ. ಇಷ್ಟ ಕೇಳ್ತೇನಿ ನಿಮಗ. ಈ ವರ್ಷ ಆಕಿ ಎಲ್ಲಿದ್ದಾಳ ನೋಡಿ, ಅಲ್ಲಿ ಅಗೀಬ್ಯಾಡಂತ ಬರೀರಿ.”

ಅಲ್ಲಿಂದ ಮುಂದೆ ನನಗೆ ಬೇರೆ ಕೆಲಸವೇ ಉಳಿಯಲಿಲ್ಲ. ಆ ವಾರ ಜೇವರ್ಗಿಯಲ್ಲಿ ಬೀಡುಬಿಟ್ಟಿದ್ದ ನಮ್ಮ ಇಂಜಿನಿಯರ್ ಸಾಹೇಬರನ್ನು ಕಂಡು ಕೇಳಿದೆ. ಅವರು ಕೆಟ್ಟವರಲ್ಲ, ಅವಸರದವರು. “ಗುಡಿ, ಮಸೂತಿ ಬಿಟ್ಟೇವಿ. ಅವು ಬಿಟ್ಟು ಊರವರದ್ದು ಅಂತ ಒಂದು ಗುರ್ತು ಹಾಕ್ರಿ, ಅಲ್ಲಿ ಅಗಿಯೂದಿಲ್ಲ. ಒಂದ ಮತ್ತ, ಹರಗೋಲ ನಿಲ್ಲೂ ಅಷ್ಟು ಜಾಗ. ಒಬ್ಬೊಬ್ಬರಿಗೆ ಒಂದೊಂದು ಬಿಟ್ಕೊಂತ ಹ್ವಾದ್ರ ಅಗಿಯೂದೇನು?” ಎಂದರು.

ಅವತ್ತು ಸಂಜೆಯೇ ನಕ್ಷೆ ಬಿಚ್ಚಿದೆ. ಶಿಖರದಿಂದ ಓಣಿಗುಂಟ ಬೇವಿನ ಮರಕ್ಕೆ ಇನ್ನೂರ ನಲವತ್ತು ಮೀಟರ್. ಅದೇ ಓಣಿಯಲ್ಲಿ, ಅದಕ್ಕಿಂತ ಈಚೆಗೆ, ನೂರಾ ಅರವತ್ತು ಮೀಟರಿನ ಮೇಲೆ ಸಾಯಬಣ್ಣನ ಮನೆ. ಪೆನ್ನು ಕೆಳಗಿಟ್ಟೆ. ಎಲ್ಲವೂ ಹಗಲಿನಷ್ಟು ಸ್ಪಷ್ಟವಾಗಿತ್ತು. ಆಗ ಅವನ ಹುಟ್ಟು ನನ್ನ ಈಗಿನ ಹುಟ್ಟಿನಷ್ಟು ಉದ್ದ ಇತ್ತು, ನೂರಾ ಅರವತ್ತಕ್ಕೆ ಬೇವಿನ ಮರ ಮುಟ್ಟುತ್ತಿತ್ತು. ವರ್ಷ ವರ್ಷ ಮುದುಕನ ತೋಳು ಸೋತಿತು, ಹುಟ್ಟು ಗಿಡ್ಡವಾಯಿತು, ಅವನು ತನಗೆ ಗೊತ್ತಿಲ್ಲದೆಯೇ ಬೇವಿಗಿಂತ ಈಚೆ ಈಚೆ ನಿಲ್ಲತೊಡಗಿದ. ಮಗಳು ಎಲ್ಲಿಗೂ ಬರುತ್ತಿರಲಿಲ್ಲ. ಬೇವಿದ್ದ ಜಾಗದಲ್ಲೇ ಇದ್ದಳು.

ಇದನ್ನು ತಿಳಿದು ನನಗೆ ನಿರಾಳವಾಗಬೇಕಿತ್ತು. ಆಗಲಿಲ್ಲ. ಅವನು ಹೇಳಿದ ಕಡೆ ಗುರುತು ಹಾಕಿದರೆ ಯಂತ್ರ ಬೇವಿನ ಬುಡ ಅಗೆದು ಮಗುವಿನ ಎಲುಬನ್ನು ಯಾರದೋ ಹೊಲಕ್ಕೆ ಸುರಿಯುತ್ತದೆ. ಬೇವಿನ ಬುಡಕ್ಕೆ ಗುರುತು ಹಾಕಿದರೆ, ನಿನ್ನ ಮಗಳು ಬರುತ್ತಿಲ್ಲ, ನಿನ್ನ ಕೈ ಸೋತಿದೆ ಎಂದು ಅವನಿಗೆ ಹೇಳಬೇಕಾಗುತ್ತದೆ. ಹೇಳದೆ ಹಾಕಿದರೂ ಬೇಸಿಗೆಯಲ್ಲಿ ಅವನ ಕಣ್ಣೆದುರೇ ಮನೆಯ ಮುಂದೆ ಯಂತ್ರ ಇಳಿಯುತ್ತದೆ.

ಎಳ್ಳಮಾಸಿಯ ಹಿಂದಿನ ದಿನ ಅವನ ಮನೆಗೆ ಹೋದೆ, ಹೇಳಿಯೇಬಿಡೋಣ ಎಂದು. ಅವನು ಇರಲಿಲ್ಲ. ಅವನ ಹೆಂಡತಿ ಶಾಣಮ್ಮ ಸಜ್ಜೆ ರೊಟ್ಟಿ ಬಡಿಯುತ್ತ ಕೂತಿದ್ದಳು. ಭಜ್ಜಿ ಎಂಬ ಹಬ್ಬದ ಪಲ್ಯಕ್ಕೆ ಸೊಪ್ಪು ಕಾಳುಗಳೆಲ್ಲ ರಾಶಿ ಬಿದ್ದಿದ್ದವು. ನಾನು ಮಾತು ಎಲ್ಲಿಂದ ತೆಗೆಯಲಿ ಎಂದು ಒದ್ದಾಡುವಷ್ಟರಲ್ಲಿ ಅವಳೇ ಕೇಳಿದಳು, ರೊಟ್ಟಿಯಿಂದ ಕಣ್ಣೆತ್ತದೆ.

“ನಿಮ್ಮ ಯಂತ್ರದಾಗ ನೋಡೀರೇನ್ರಿ?”

“ನೋಡೇನವ್ವ.”

“ಆತನ ಕೈ ಸೋತಾವ. ಕೊಡ ಎತ್ತಾಕ ಬರೂದಿಲ್ಲ ಈಗ. ನನಗ ಗೊತ್ತದ.” ರೊಟ್ಟಿ ಹಂಚಿಗೆ ಹಾಕಿದಳು. “ಆತಗ ಹೇಳಬ್ಯಾಡ್ರಿ ತಮ್ಮಾ. ಇಪ್ಪತ್ತು ವರ್ಷ ಆಕಿ ಹ್ವಾದಳು ಅಂತ ಮಾತಾಡಲಿಲ್ಲ ಆತ. ಈಗ ಬರ್ತಾಳಂತ ಮಾತಾಡ್ತಾನ. ನನ್ನ ಜೋಡಿ ಮಾತಾಡ್ತಾನ್ರಿ.”

ಹೇಳುವುದಿಲ್ಲ ಎಂದು ಮಾತು ಕೊಟ್ಟು ಬಂದೆ.

ಮರುದಿನ ಹೊಲಗಳ ಕಡೆಯಿಂದ ಚರಗ ಚೆಲ್ಲುವವರ ಕೂಗು ಕೇಳುತ್ತಿತ್ತು. ತೊಗರಿ ಹೂವಿನ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ನಾವು ಮೂವರೂ ಶಿಖರದ ಹತ್ತಿರ ಹೋದೆವು. ಅವತ್ತು ಶಾಣಮ್ಮನೂ ಬಂದಿದ್ದಳು, ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡು. ಸಾಯಬಣ್ಣ ಶಿಖರಕ್ಕೆ ಕೈಮುಗಿದು ಹುಟ್ಟೆತ್ತಿದ. ಬಲಗೈ ಭುಜದ ಮಟ್ಟಕ್ಕೆ ಬಂದು ನಿಂತಿತು. ಮತ್ತೆ ಎತ್ತಿದ. ಮುಖ ಬಿಗಿದು ಬಂತು. ಹುಟ್ಟನ್ನು ನನ್ನ ಕಡೆ ಚಾಚಿದ.

“ಇವತ್ತ ನೀವು ಹಾಕ್ರಿ. ಎಣಿಕಿ ಜ್ವಾಕಿ.”

ಹುಟ್ಟು ತೆಗೆದುಕೊಂಡೆ. ನನ್ನ ಕೈಯ ಅಳತೆ ನನಗೆ ಗೊತ್ತಿತ್ತು. ನನ್ನ ನೂರಾ ಅರವತ್ತು ಹುಟ್ಟು ಎಂದರೆ ಬೇವಿನ ಮರ. ಗಳ ಇಳಿಸಿದಾಗ ಮೆತ್ತನೆಯ ಮಣ್ಣು ಸಿಕ್ಕುತ್ತದೆ, ಮುದುಕನಿಗೆ ಯಾರೂ ಹೇಳದೆಯೇ ಎಲ್ಲ ತಿಳಿಯುತ್ತದೆ. ಶಾಣಮ್ಮ ನನ್ನನ್ನೇ ನೋಡುತ್ತಿದ್ದಳು. ಬೇಕೆಂದೇ ಗಿಡ್ಡ ಗಿಡ್ಡ ಹಾಕಲೇ ಎಂಬ ಯೋಚನೆಯೂ ಬಂತು. ಆದರೆ ಅಂಬಿಗನ ಕಣ್ಣೆದುರು ಹುಟ್ಟಿನಲ್ಲಿ ಮೋಸ ಮಾಡಲು ಬರುವುದಿಲ್ಲ. ಬಗ್ಗಿ, ಪೂರ್ತಿ ತೋಳು ಚಾಚಿ, ನೀರನ್ನು ಕರೆದೆ. ಒಂದು.

ಇಪ್ಪತ್ತರವರೆಗೆ ಎಲ್ಲ ಎಂದಿನಂತೆ. ಆಮೇಲೆ ಹುಟ್ಟಿಗೆ ಏನೋ ಆಯಿತು. ಭಾರವಾಗಲಿಲ್ಲ, ಏನೂ ತಡೆಯಲಿಲ್ಲ. ಮಗುವಿನ ಕೈ ಹಿಡಿದು ನಡೆಯುವಾಗ ದೊಡ್ಡವರ ಹೆಜ್ಜೆ ತಾನಾಗಿ ಸಣ್ಣದಾಗುತ್ತದಲ್ಲ, ಹಾಗೆ ನನ್ನ ತೋಳು ತಾನಾಗಿ ನಿಧಾನಕ್ಕೆ ಬಂತು. ಉದ್ದಕ್ಕೆ ಚಾಚಿದರೂ ಹರಿಗೋಲು ಅಷ್ಟೇ ಸರಿಯುತ್ತಿತ್ತು. ಹರಿಗೋಲಿನ ಬಲಗಡೆ, ಅಂಚಿಗೆ ಹತ್ತಿಕೊಂಡು, ಗುಳ್ಳೆಗಳು ಏಳುತ್ತಿದ್ದವು. ಒಂದು ಹುಟ್ಟಿಗೆ ಒಂದು ಗುಳ್ಳೆ. ನಾನು ಆ ಕಡೆ ನೋಡಲಿಲ್ಲ. ಶಾಣಮ್ಮ ನೋಡುತ್ತಿದ್ದಳು. ಅವಳ ಬಾಯಿ ಸ್ವಲ್ಪ ತೆರೆದಿತ್ತು.

ನೂರಾ ಐವತ್ತಾರಕ್ಕೆ ಕೈ ಹಗುರ ಮಾಡಿದೆ. ನೂರಾ ಅರವತ್ತಕ್ಕೆ ಹರಿಗೋಲು ನಿಂತಿತು. ಶಾಣಮ್ಮ ಚರಗ ಚೆಲ್ಲಿದಳು. ರೊಟ್ಟಿಯ ತುಣುಕು, ಭಜ್ಜಿ, ಅನ್ನ, ಎಲ್ಲ ನೀರಿನ ಮೇಲೆ ಸ್ವಲ್ಪ ಹೊತ್ತು ನಿಂತು ಮುಳುಗಿದವು. ಸಾಯಬಣ್ಣ ಎಡಗೈಯಲ್ಲಿ ಗಳ ಹಿಡಿದು ಇಳಿಸಿದ. ಹೂಳು ದಾಟಿ ಗಳ ಹೋಗಿ ತಾಗಿತು. ಠಕ್. ಕಲ್ಲಿನ ಸದ್ದು. ಎರಡನೆಯ ಸಲ ಎತ್ತಿ ಇಟ್ಟ. ಠಕ್.

“ಕಟ್ಟಿ ಹತ್ಯಾಳ,” ಎಂದ ಸಾಯಬಣ್ಣ. ಅವನ ಮನೆಯ ಬಾಗಿಲ ಮುಂದಿನ ಕಲ್ಲಿನ ಕಟ್ಟೆ ಅದು. “ಬಾಗಲ ಮುಂದ ಕುಂತಾಳ.”

ಶಾಣಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಜಿಪಿಎಸ್ ನೋಡಿದೆ. ಶಿಖರದಿಂದ ನೂರಾ ಅರವತ್ತು ಮೀಟರ್. ಇನ್ನೂರ ನಲವತ್ತಾಗಬೇಕಿತ್ತು. ಮೂವರ ಭಾರ ಇತ್ತು, ಹೆದರಿಕೆಯಲ್ಲಿ ಕೈ ಬಿಗಿದಿರಬಹುದು, ಕೆಳಗೆ ಬ್ಯಾರೇಜಿನ ಗೇಟು ತೆರೆದು ಎದುರು ಸೆಳೆತ ಇದ್ದಿರಬಹುದು. ಇವೆಲ್ಲವನ್ನೂ ನಾನು ನನಗೆ ಹೇಳಿಕೊಂಡಿದ್ದೇನೆ, ಈಗಲೂ ಹೇಳಿಕೊಳ್ಳುತ್ತೇನೆ. ಮಾರನೆಯ ದಿನ ಒಬ್ಬನೇ ಹೋಗಿ ಅದೇ ಕೈಯಿಂದ ನೂರು ಹುಟ್ಟು ಹಾಕಿ ನೋಡಿದೆ. ನೂರೈವತ್ತು ಮೀಟರ್.

ಗುರುತು ಒಂದೇ ಹಾಕಬಹುದಿತ್ತು. ಬೇವಿನ ಬುಡಕ್ಕೋ ಕಟ್ಟೆಗೋ ಎಂದು ನಕ್ಷೆಯ ಮುಂದೆ ಎರಡು ದಿನ ಕೂತೆ. ಮೊದಲಾಗಿದ್ದರೆ ಲೆಕ್ಕದ ಪ್ರಕಾರ ಹಾಕಿ ಎದ್ದುಬಿಡುತ್ತಿದ್ದೆ. ಕೊನೆಗೆ ಬೇವಿನ ಮರದಿಂದ ಸಾಯಬಣ್ಣನ ಬಾಗಿಲವರೆಗೆ, ಓಣಿಗುಂಟ, ಪೂರ್ತಿ ಎಂಬತ್ತು ಮೀಟರ್ ಪಟ್ಟಿ ಎಳೆದು ಒಳಗೆ ಬರೆದೆ: ತಳದಲ್ಲಿ ಗಟ್ಟಿ ಕಲ್ಲು, ಅಗೆಯಲು ಯೋಗ್ಯವಲ್ಲ. ಕಲ್ಲಿದ್ದ ಕಡೆ ಯಂತ್ರದ ಹಲ್ಲು ಮುರಿಯುತ್ತದೆ, ಅಲ್ಲಿ ಯಾರೂ ಇಳಿಸುವುದಿಲ್ಲ. ಸಾಹೇಬರು ನಕ್ಷೆಯ ಮೇಲೆ ಬೆರಳಿಟ್ಟು, “ಇಷ್ಟುದ್ದ ಕಲ್ಲೇನ್ರಿ?” ಎಂದರು. ಗಳ ಇಳಿಸಿ ನೋಡಿದ್ದೇನೆ ಸಾರ್, ಠಕ್ ಎಂದಿತು ಎಂದೆ. ಸಹಿ ಮಾಡಿದರು. ನೌಕರಿಯಲ್ಲಿ ನಾನು ಬರೆದ ದೊಡ್ಡ ಸುಳ್ಳು ಅದು. ಅದಕ್ಕಾಗಿ ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ.

ಊರು ಬಿಡುವ ದಿನ ಸಾಯಬಣ್ಣ ದಂಡೆಯ ಮೇಲೆ ಹರಿಗೋಲು ಬೋರಲು ಹಾಕಿ ಡಾಂಬರು ಬಳಿಯುತ್ತಿದ್ದ, ಎಡಗೈಯಲ್ಲಿ. ಬಲಗೈಯನ್ನು ಟವೆಲಿನಿಂದ ಕೊರಳಿಗೆ ಕಟ್ಟಿಕೊಂಡಿದ್ದ. ನಾನು ಚೀಲ ಕೆಳಗಿಟ್ಟು ಪಕ್ಕದಲ್ಲಿ ಕೂತೆ.

“ಎಲ್ಲಿ ಹಾಕಿದ್ರಿ ಗುರ್ತು?” ಎಂದ. “ಬೇವಿನ ಕಡಿಗೋ, ಕಟ್ಟಿಗೋ?”

ಬೇವಿನ ಮಾತನ್ನು ಅವನೇ ತೆಗೆದದ್ದು ಕೇಳಿ ನಾನು ದಂಗಾದೆ. ನನ್ನ ಮುಖ ನೋಡದೆ ಡಾಂಬರು ಬಳಿಯುತ್ತಲೇ ಇದ್ದ. ಅವನಿಗೆ ಎಷ್ಟು ಗೊತ್ತಿತ್ತು, ಎಂದಿನಿಂದ ಗೊತ್ತಿತ್ತು, ನನಗೆ ಇವತ್ತಿಗೂ ತಿಳಿಯದು.

“ಎರಡೂ ಅಲ್ಲ. ದಾರಿ ಪೂರಾ ಬಿಡಸೇನಿ, ಬೇವಿನಿಂದ ಕಟ್ಟಿ ತನಕ,” ಎಂದೆ.

ಅವನ ಕೈ ನಿಂತಿತು.

“ಎಷ್ಟು ಅಗಲ ಬಿಡಿಸೀರಿ?”

“ನಿಮ್ಮ ಹರಗೋಲ ಅಷ್ಟು.”

ಮುದುಕ ಬೋರಲು ಬಿದ್ದ ಹರಿಗೋಲನ್ನು ಈ ಅಂಚಿನಿಂದ ಆ ಅಂಚಿಗೆ ಕಣ್ಣಲ್ಲೇ ಅಳೆದ. ಕಟ್ಟಿಕೊಂಡ ಬಲಗೈಯನ್ನು ಎಡಗೈಯಿಂದ ಮೆಲ್ಲಗೆ ಸವರಿದ.

“ಹಂಗಾದ್ರ ಆಕಿ, ನಾ, ಇಬ್ಬರು ಬಾಜೂಕ ಬಾಜೂಕ ನಡೀಬಹುದಲ್ರಿ,” ಎಂದ.

“ನಡೀಬಹುದು,” ಎಂದೆ.